ಪ್ರತಿಕ್ರಿಯೆ: ಮಧ್ಯಸ್ಥಗಾರರ ತೀರ್ಪಿನ ಮೇಲೆ ಹಾಕಿದ ಅಪೀಲು ವಾಪಸ್ ಬಂದಿದೆ

ನಿಮ್ಮ ಮಂಡ್ಯದ ನರ್ಸಿಂಗ್ ಹೋಮಿನ ಅಪೀಲನ್ನು ಹೈಕೋರ್ಟ್ ವಾಪಸ್ ಕಳಿಸಲು ಕಾರಣ ಬಹುಶಃ ಇಷ್ಟೇ: ವಿಮಾ ಕಂಪನಿ ಮಾಡಿದ ಕ್ಯಾಶ್‌ಲೆಸ್ ಬಿಲ್ ಕಡಿತದ ಬಗ್ಗೆ ಬಂದಿರುವುದು ಮಧ್ಯಸ್ಥಗಾರರ (ಆರ್ಬಿಟ್ರೇಟರ್, ಅಂದರೆ ಕೋರ್ಟಿನ ಹೊರಗೆ ವ್ಯಾಜ್ಯ ತೀರ್ಮಾನಿಸುವವರು) ತೀರ್ಪು. ಅದಕ್ಕೆ ನೇರ ಅಪೀಲು ಇಲ್ಲ. ಮೊದಲು 1996ರ ಮಧ್ಯಸ್ಥಿಕೆ ಕಾಯ್ದೆಯ 34ನೇ ಸೆಕ್ಷನ್ ಅಡಿ ತೀರ್ಪು ರದ್ದು ಮಾಡಿ ಎಂಬ ಅರ್ಜಿ, ಅಲ್ಲಿ ಸೋತರೆ 37ರಲ್ಲಿ ಅಪೀಲು.

ಅರ್ಜಿ ಯಾವ ಊರಿನ ಕೋರ್ಟಿಗೆ ಅಂತ ತಿಳಿಯಲು ವಿಮಾ ಕಂಪನಿ ಜೊತೆಗಿನ ಒಪ್ಪಂದದ ಕೊನೇ ಪುಟಗಳಲ್ಲಿ 'ಸೀಟ್' (ಮಧ್ಯಸ್ಥಿಕೆಗೆ ಗೊತ್ತುಮಾಡಿದ ಊರು, ಅಲ್ಲಿನ ಕೋರ್ಟಿಗೇ ಹೋಗಬೇಕು) ನೋಡಿ. ನಮ್ಮದರಲ್ಲಿ 'ಸೀಟ್ ಮುಂಬೈ' ಅಂತ ಸಣ್ಣಕ್ಷರದಲ್ಲಿತ್ತು, ಮೈಸೂರು ಕೋರ್ಟಿಗೆ ಸುಮ್ನೆ ಅಲೆದೆವು.

ಆಮೇಲೆ, 34ರ ಅರ್ಜಿಯ ಗಡುವನ್ನು ಸಹಿ ಇರುವ ತೀರ್ಪಿನ ಪ್ರತಿ ಕೈಗೆ ಬಂದ ದಿನದಿಂದ ಎಣಿಸಿ. 3 ತಿಂಗಳು, ತಕ್ಕ ಕಾರಣ ಇದ್ದರೆ ಇನ್ನು 30 ದಿನ. ಅದರಾಚೆ ಒಂದು ದಿನವೂ ಸಿಗದು. ಆದರೆ ತಪ್ಪು ಕೋರ್ಟಿನಲ್ಲಿ ಕಳೆದ ದಿನಗಳನ್ನು ಈ ಲೆಕ್ಕದಿಂದ ಬಿಡಲು ಲಿಮಿಟೇಶನ್ ಕಾಯ್ದೆಯ (ದಾವೆಗಳ ಗಡುವಿನ ಕಾನೂನು) 14ನೇ ಸೆಕ್ಷನ್ ಅಡಿ ಕೇಳಿ, ಹೈಕೋರ್ಟ್ ಆದೇಶದ ಪ್ರತಿಯನ್ನೂ ಜೊತೆಗಿಡಿ. ಒಪ್ಪುವುದು ಬಿಡುವುದು ಜಡ್ಜ್ ಕೈಲಿದೆ.