671121 ಅವಿಭಾಜ್ಯ ಅಲ್ಲ, ಜೋಡಿ ಮಾಡಿ ಕೂಡಿಸಿ ನೋಡಿ

ನಮ್ಮ ಕಾಸರಗೋಡಿನ ಪಿನ್‌ಕೋಡ್ 671121 ಒಂದರಲ್ಲಿ ಮುಗಿಯುತ್ತದೆ, ಹಾಗಾದರೆ ಅವಿಭಾಜ್ಯ ಸಂಖ್ಯೆಯಾ ಅಂತ ಕೇಳಿದ್ದೀರಿ. ಅಲ್ಲ. ಕೊನೆಯ ಅಂಕಿ ನೋಡಿ ಹಾಗೆ ಹೇಳಲು ಬರುವುದಿಲ್ಲ. 21, 51, 81 ಕೂಡ ಒಂದರಲ್ಲೇ ಮುಗಿಯುತ್ತವೆ ಅಲ್ವಾ?

ಈ ಸಂಖ್ಯೆಗೆ ಒಂದು ಚಂದದ ಉಪಾಯ ಇದೆ. ಬಲದಿಂದ ಎರಡೆರಡು ಅಂಕಿಗಳ ಜೋಡಿ ಮಾಡಿ: 67, 11, 21. ಕೂಡಿಸಿದರೆ ಸರಿಯಾಗಿ 99! 100ನ್ನು 99ರಿಂದ ಭಾಗಿಸಿದರೆ ಶೇಷ 1. 10000ಕ್ಕೂ ಅಷ್ಟೇ. ಹಾಗಾಗಿ ಜೋಡಿಗಳ ಮೊತ್ತಕ್ಕೆ 99ರಿಂದ ಭಾಗ ಹೋದರೆ ಇಡೀ ಸಂಖ್ಯೆಗೂ ಹೋಗುತ್ತದೆ. 671121 = 99 × 6779. ತಾಳೆ ನೋಡುವುದೂ ಸುಲಭ, 677900ರಿಂದ 6779 ಕಳೆಯಿರಿ.

ಇನ್ನು ಉಳಿದ 6779. ಇದು ಮಾತ್ರ ಅವಿಭಾಜ್ಯವೇ. ಇದರ ವರ್ಗಮೂಲ 82ಕ್ಕಿಂತ ಸ್ವಲ್ಪ ಜಾಸ್ತಿ, ಆದ್ದರಿಂದ 79ರವರೆಗಿನ ಅವಿಭಾಜ್ಯಗಳಿಂದ ಭಾಗಿಸಿ ನೋಡಿದರೆ ಸಾಕು. ಬದಿಯಡ್ಕದ ಬಸ್ಸಿಗೆ ಕಾಯುತ್ತಾ ಅಂಗಡಿ ಚೀಟಿಯ ಹಿಂದೆ ಸುಮ್ನೆ ಮಾಡುತ್ತಿದ್ದೆ. 53ಕ್ಕೆ ಬರುವಾಗ ಬಸ್ಸೂ ಬಂತು, ಉಳಿದದ್ದು ಮನೆಯಲ್ಲಿ.

ಒಟ್ಟಿನಲ್ಲಿ 671121 = 3 × 3 × 11 × 6779. 1 ಮತ್ತು ಅದೇ ಸಂಖ್ಯೆ ಸೇರಿ ಭಾಜಕಗಳು 12.