ದೆವ್ವವೋ ಕಾಯಿಲೆಯೋ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನನ್ನ ತಮ್ಮನಿಗೆ 24 ವರ್ಷ. ಚಿಕ್ಕಂದಿನಿಂದ ಮೂರ್ಛೆ ರೋಗವಿದ್ದು ಮಾತ್ರೆ ತೆಗೆದುಕೊಳ್ಳುತ್ತಿದ್ದ. ಇತ್ತೀಚೆಗೆ ಅವನು ಸೇರಿದ ಪ್ರಾರ್ಥನಾ ಗುಂಪಿನವರು, ಇದು ಕಾಯಿಲೆಯಲ್ಲ, ಮನೆತನದಿಂದ ಬಂದ ದುರಾತ್ಮದ ಬಂಧನ, ಮಾತ್ರೆ ನುಂಗುವುದು ಅವಿಶ್ವಾಸದ ಗುರುತು ಎಂದು ಹೇಳಿದ ಮೇಲೆ ಮಾತ್ರೆ ಬಿಟ್ಟಿದ್ದಾನೆ. ಈಗಾಗಲೇ ಎರಡು ಸಲ ಬಿದ್ದಿದ್ದಾನೆ. ಸೈತಾನನಿದ್ದಾನೆಂದು ನಾನೂ ನಂಬುವವಳೇ. ಆದರೆ ಔಷಧಿಯ ಮಾತೆತ್ತಿದರೆ, ನನ್ನ ಬಾಯಲ್ಲೂ ಅದೇ ಆತ್ಮ ಮಾತಾಡುತ್ತಿದೆ ಎನ್ನುತ್ತಾರೆ. ನಾನೇನು ಮಾಡಲಿ?

ಉತ್ತರ: ಮೊದಲು ತುರ್ತಾಗಿ ಆಗಬೇಕಾದದ್ದನ್ನು ಹೇಳಿಬಿಡುತ್ತೇನೆ, ನಂಬಿಕೆಯ ಮಾತು ಆಮೇಲೆ. ಮೂರ್ಛೆ ರೋಗದ ಮಾತ್ರೆಯನ್ನು ಏಕಾಏಕಿ ನಿಲ್ಲಿಸಿದರೆ ಸೆಳವು ಮೊದಲಿಗಿಂತ ಹೆಚ್ಚಾಗಿ, ಒಂದರ ಹಿಂದೊಂದರಂತೆ ಬಿಡದೆ ಬರುವ ಅಪಾಯವಿದೆ. ಅದರಿಂದ ಜೀವವೇ ಹೋಗಬಹುದು. ಆದ್ದರಿಂದ ಇಂದೇ ಅವನ ವೈದ್ಯರನ್ನು ಕಂಡು, ಎಷ್ಟು ದಿನದಿಂದ ಮಾತ್ರೆ ಬಿಟ್ಟಿದ್ದಾನೆಂಬುದನ್ನು ಮುಚ್ಚಿಡದೆ ತಿಳಿಸಿರಿ. ಮತ್ತೆ ಯಾವ ಪ್ರಮಾಣದಿಂದ ಆರಂಭಿಸಬೇಕೆಂಬುದನ್ನು ಅವರೇ ಹೇಳಲಿ. ಅವನು ಬಿದ್ದಾಗ ಕೈಕಾಲು ಅದುಮಿ ಹಿಡಿಯಬೇಡಿರಿ, ಬಾಯಿಗೆ ಏನನ್ನೂ ತುರುಕಬೇಡಿರಿ. ತಲೆಯ ಕೆಳಗೆ ಮೆತ್ತನೆಯದೇನಾದರೂ ಇಟ್ಟು ಮಗ್ಗುಲಾಗಿ ಮಲಗಿಸಿ, ಸೆಳವು 5 ನಿಮಿಷ ದಾಟಿದರೆ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಿರಿ.

ಕೈಕಾಲು ಅದುಮಬೇಡಿರಿ ಎಂದು ಬರೆಯುವಾಗ ನನಗೆ ನನ್ನ ಕೈಯೇ ನೆನಪಾಗುತ್ತದೆ. ಸಭಾಪಾಲನೆಗೆ ಬಂದ ಹೊಸತರಲ್ಲಿ, ರಾತ್ರಿ ಪ್ರಾರ್ಥನೆಯ ನಡುವೆ ನೆಲಕ್ಕೆ ಬಿದ್ದು ಸೆಟೆದುಕೊಂಡ ಹುಡುಗಿಯೊಬ್ಬಳನ್ನು ಹಿಡಿದುಕೊಂಡ ನಾಲ್ವರಲ್ಲಿ ನಾನೂ ಒಬ್ಬನಾಗಿದ್ದೆ. ಹಿರಿಯರೊಬ್ಬರು ಅವಳ ಕಿವಿಯ ಹತ್ತಿರವೇ ‘ಹೊರಗೆ ಬಾ’ ಎಂದು ಕೂಗುತ್ತಿದ್ದರು. ಎಚ್ಚರವಾದ ಮೇಲೆ ಆಕೆ ಮೊದಲು ಮಾಡಿದ್ದು, ಒದ್ದೆಯಾಗಿದ್ದ ತನ್ನ ಬಟ್ಟೆಯನ್ನು ಎರಡೂ ಕೈಗಳಿಂದ ಮುಚ್ಚಿಕೊಂಡದ್ದು. ಅವಳ ಮಣಿಕಟ್ಟಿನ ಮೇಲೆ ನನ್ನ ಬೆರಳುಗಳ ಕೆಂಪು ಗುರುತು ಎದ್ದಿತ್ತು. ಅವಳಿಗಿದ್ದದ್ದು ಮೂರ್ಛೆ ರೋಗವೆಂದು ಕೆಲವು ವಾರಗಳ ಮೇಲೆ ತಿಳಿಯಿತು. ಆಕೆ ಆ ಸಭೆಗೆ ಮತ್ತೆ ಕಾಲಿಡಲಿಲ್ಲ. ಅವಳನ್ನು ಕಂಡು ಕ್ಷಮೆ ಕೇಳುವ ಧೈರ್ಯ ಆಗ ನನಗೆ ಬರಲಿಲ್ಲವೆಂಬುದು ಇಂದಿಗೂ ನನ್ನನ್ನು ಚುಚ್ಚುತ್ತದೆ.

ಅಂದಿನಿಂದ ಮಾರ್ಕನ ಸುವಾರ್ತೆಯ 5ನೆಯ ಅಧ್ಯಾಯವನ್ನು ನಾನು ಬೇರೆ ಕಣ್ಣಿನಿಂದ ಓದುತ್ತಿದ್ದೇನೆ. ಸಮಾಧಿಗಳ ನಡುವೆ ವಾಸವಾಗಿದ್ದ ಆ ಮನುಷ್ಯನಿಗೆ ಬೇಡಿ ಸಂಕೋಲೆ ಹಾಕಿದವರು ಜನರು; ಯೇಸು ಅವನನ್ನು ಕಟ್ಟಲಿಲ್ಲ, ಹೆಸರು ಕೇಳಿದನು. ಕಥೆಯ ಕೊನೆಗೆ ಅವನು ಬಟ್ಟೆ ಹಾಕಿಕೊಂಡು, ಸ್ವಸ್ಥಬುದ್ಧಿಯುಳ್ಳವನಾಗಿ ಕುಳಿತಿದ್ದಾನೆ, ತನ್ನವರ ಬಳಿಗೆ ಹೋಗೆಂದು ಅಪ್ಪಣೆ ಪಡೆಯುತ್ತಾನೆ. ಬಿಡುಗಡೆಯ ಸೇವೆಯೆಂದು ಕರೆದುಕೊಳ್ಳುವ ಯಾವುದನ್ನಾದರೂ ಅಳೆಯಲು ನನಗೆ ಇದಕ್ಕಿಂತ ಒಳ್ಳೆಯ ಅಳತೆಗೋಲು ಸಿಕ್ಕಿಲ್ಲ. ನೊಂದವನ ಮಾನ ಅವನಿಗೆ ಮರಳಿತೇ, ಅವನ ಬುದ್ಧಿ ಅವನ ವಶಕ್ಕೆ ಬಂದಿತೇ, ಅವನು ತನ್ನ ಮನೆಗೆ ಸೇರಿದನೇ ಎಂದು ಕೇಳಿನೋಡಿರಿ.

ಮೂರ್ಛೆಯಂತೆಯೇ ಬೀಳುತ್ತಿದ್ದ ಹುಡುಗನಿಂದ ಯೇಸು ದುರಾತ್ಮವನ್ನೇ ಬಿಡಿಸಿದನಲ್ಲವೇ ಎಂದು ಆ ಗುಂಪಿನವರು ಕೇಳಬಹುದು. ಹೌದು, ಮಾರ್ಕನ 9ನೆಯ ಅಧ್ಯಾಯದಲ್ಲಿ ಹಾಗೆಯೇ ಇದೆ. ಆದರೆ ಮತ್ತಾಯನ 4ನೆಯ ಅಧ್ಯಾಯವು ದೆವ್ವ ಹಿಡಿದವರನ್ನೂ ಮೂರ್ಛೆಯವರನ್ನೂ ಪಾರ್ಶ್ವವಾಯುವಿನವರನ್ನೂ ಬೇರೆ ಬೇರೆಯಾಗಿಯೇ ಹೆಸರಿಸುತ್ತದೆ. ಎಲ್ಲ ಮೂರ್ಛೆಯೂ ದೆವ್ವವೆಂದು ಸುವಾರ್ತೆಯೇ ಹೇಳುವುದಿಲ್ಲ. ಆ ಹುಡುಗನ ವಿಷಯದಲ್ಲೂ ಯೇಸು ತಂದೆಯನ್ನು ಕೇಳಿದ್ದು, ಇವನಿಗೆ ಹೀಗಾಗುತ್ತಾ ಎಷ್ಟು ಕಾಲವಾಯಿತು ಎಂದು. ವೈದ್ಯರೂ ಕೇಳುವುದು ಅದನ್ನೇ. ‘ನಂಬುತ್ತೇನೆ, ನನ್ನ ಅಪನಂಬಿಕೆಗೆ ಸಹಾಯಮಾಡು’ ಎಂದ ಆ ತಂದೆಯ ಅರೆನಂಬಿಕೆಯನ್ನು ಯೇಸು ದೋಷವೆಂದು ಎಣಿಸಲೇ ಇಲ್ಲ. ಹಾಗಿರುವಾಗ ಒಂದು ಮಾತ್ರೆಯ ಮೇಲೆ ನಿಮ್ಮ ತಮ್ಮನ ವಿಶ್ವಾಸವನ್ನು ತೂಗುವ ಅಧಿಕಾರ ಇವರಿಗೆ ಎಲ್ಲಿಂದ ಬಂತು? ತನ್ನ ಶಿಷ್ಯ ತಿಮೊಥೆಯನ ಹೊಟ್ಟೆಯ ತೊಂದರೆಗೆ ಅಪೊಸ್ತಲ ಪೌಲನು ಸ್ವಲ್ಪ ದ್ರಾಕ್ಷಾರಸ ತೆಗೆದುಕೊಳ್ಳೆಂದು ಬರೆದನು, ಲೂಕನನ್ನು ಪ್ರಿಯ ವೈದ್ಯನೆಂದು ಕರೆದನು.

ಭೂತೋಚ್ಚಾಟನೆಯನ್ನು ಒಪ್ಪುವ ಸಭೆಗಳೇ ಈ ವಿಷಯದಲ್ಲಿ ಎಷ್ಟು ಜಾಗ್ರತೆಯಿಂದಿವೆ ಎಂಬುದನ್ನು ಅವರಿಗೆ ತೋರಿಸಬಹುದು. ಒಬ್ಬನಿಗೆ ದೆವ್ವ ಹಿಡಿದಿದೆಯೆಂದು ಸುಲಭವಾಗಿ ನಂಬಬಾರದೆಂದು ಕಥೋಲಿಕ ಸಭೆಯ 1614ರ ವಿಧಿಗ್ರಂಥವೇ ಎಚ್ಚರಿಸಿತ್ತು. ಆ ಸಭೆಯ ಈಗಿನ ಕಾನೂನಿನ ಪ್ರಕಾರ ಧರ್ಮಾಧ್ಯಕ್ಷರ, ಎಂದರೆ ಬಿಷಪ್ಪರ, ಸ್ಪಷ್ಟ ಅನುಮತಿಯಿಲ್ಲದೆ ಯಾವ ಗುರುವೂ ಭೂತೋಚ್ಚಾಟನೆ ಮಾಡುವಂತಿಲ್ಲ, ಕಾಯಿಲೆಯಲ್ಲವೆಂಬುದನ್ನು ಮೊದಲು ಖಚಿತಪಡಿಸಿಕೊಳ್ಳಬೇಕು. ಇಂಗ್ಲೆಂಡಿನ ಆಂಗ್ಲಿಕನ್ ಸಭೆಯೂ 1975ರಲ್ಲಿ ಇಂಥದೇ ನಿಯಮಗಳನ್ನು ಮಾಡಿತು: ವೈದ್ಯರ ಸಹಕಾರವಿರಬೇಕು, ಬಿಷಪ್ ಒಪ್ಪಿದ ಅನುಭವಿಗಳೇ ಮಾಡಬೇಕು, ಪ್ರಚಾರ ಆದಷ್ಟೂ ಕಡಿಮೆಯಿರಬೇಕು, ಆಮೇಲೂ ಆ ವ್ಯಕ್ತಿಯ ಆರೈಕೆ ಮುಂದುವರಿಯಬೇಕು. ಅನುಮತಿಯೊಂದಿದ್ದರೆ ಸಾಲದೆಂಬುದಕ್ಕೂ ಸಾಕ್ಷಿಯಿದೆ. 1976ರಲ್ಲಿ ಜರ್ಮನಿಯ ಕ್ಲಿಂಗೆನ್‌ಬರ್ಗ್‌ನಲ್ಲಿ, ಮೂರ್ಛೆ ರೋಗಕ್ಕೆ ಚಿಕಿತ್ಸೆ ಪಡೆದಿದ್ದ 23 ವರ್ಷದ ವಿದ್ಯಾರ್ಥಿನಿಯೊಬ್ಬಳು 67 ಸಲ ಭೂತೋಚ್ಚಾಟನೆಗೆ ಒಳಗಾಗಿ, ಅನ್ನನೀರು ಬಿಟ್ಟು ಸೊರಗಿ ಸತ್ತಳು. ಧರ್ಮಾಧ್ಯಕ್ಷರ ಅನುಮತಿ ಅಲ್ಲಿತ್ತು, ವೈದ್ಯರ ಚಿಕಿತ್ಸೆ ಮಾತ್ರ ನಿಂತುಹೋಗಿತ್ತು. ಅವಳ ತಂದೆತಾಯಿಯರೂ ಇಬ್ಬರು ಗುರುಗಳೂ ತಪ್ಪಿತಸ್ಥರೆಂದು 1978ರಲ್ಲಿ ನ್ಯಾಯಾಲಯ ತೀರ್ಪು ಕೊಟ್ಟಿತು. ಅವರಲ್ಲಿ ಯಾರೂ ಅವಳಿಗೆ ಕೇಡು ಬಯಸಿದವರಲ್ಲ.

ನಿಮ್ಮ ಬಾಯಲ್ಲೂ ಆ ಆತ್ಮವಿದೆ ಎಂಬ ಮಾತಿಗೆ ನೀವು ಹೆದರಬೇಕಾಗಿಲ್ಲ. ಸೈತಾನನೆಂಬ ಹೀಬ್ರೂ ಪದಕ್ಕೆ ಎದುರಾಳಿ, ದೂರುಗಾರ ಎಂಬ ಅರ್ಥ. ಗ್ರೀಕಿನಲ್ಲಿ ಅವನಿಗಿರುವ ಹೆಸರಿಗೆ ಚಾಡಿಕೋರನೆಂಬ ಅರ್ಥ. ಹಗಲಿರುಳು ಸಹೋದರರ ಮೇಲೆ ದೂರು ಹೇಳುವವನೆಂದು ಪ್ರಕಟನೆಯ ಗ್ರಂಥ ಅವನನ್ನು ವರ್ಣಿಸುತ್ತದೆ. ಕಾಯಿಲೆಯವನ ಮೇಲೂ ಅವನ ಆರೈಕೆಗೆ ನಿಂತ ಅಕ್ಕನ ಮೇಲೂ ದೂರು ಹೊರಿಸುವುದು ಯಾರ ಕೆಲಸವೆಂಬುದನ್ನು ಆ ಗುಂಪಿನವರು ಕುಳಿತು ಯೋಚಿಸಲಿ. ನೀವು ಅವರೊಡನೆ ದೆವ್ವದ ವಾದಕ್ಕೆ ಇಳಿಯಬೇಡಿರಿ. ತಮ್ಮನೊಬ್ಬನೇ ಇರುವಾಗ ಮಾತ್ರೆಯನ್ನೂ ನೀರನ್ನೂ ಎದುರಿಗಿಟ್ಟು, ಅವನ ಕೈಹಿಡಿದು ಪ್ರಾರ್ಥನೆ ಮಾಡಿ, ‘ಆಮೆನ್’ ಎಂದ ಮೇಲೆ ಮಾತ್ರೆ ಕೊಡಿರಿ. ಪ್ರಾರ್ಥನೆಗೂ ಮಾತ್ರೆಗೂ ಜಗಳವಿಲ್ಲವೆಂಬುದನ್ನು ಅವನು ಕಣ್ಣಾರೆ ಕಂಡರೆ ಅರ್ಧ ಭಯ ಇಳಿಯುತ್ತದೆ.

ಪ್ರಶ್ನೆ: ಇಷ್ಟು ವಿಜ್ಞಾನ ಬೆಳೆದ ಮೇಲೂ ಕ್ರೈಸ್ತನಾದವನು ದೆವ್ವಗಳನ್ನು ನಂಬಲೇಬೇಕೇ?

ಉತ್ತರ: ಜರ್ಮನ್ ದೇವಶಾಸ್ತ್ರಜ್ಞ ರುಡಾಲ್ಫ್ ಬುಲ್ಟ್‌ಮನ್ 1941ರಲ್ಲಿ ಎತ್ತಿದ್ದು ಇದೇ ಪ್ರಶ್ನೆ. ವಿದ್ಯುದ್ದೀಪ, ರೇಡಿಯೋಗಳನ್ನು ಬಳಸುತ್ತಾ ಹೊಸ ಒಡಂಬಡಿಕೆಯ ಆತ್ಮಗಳ ಲೋಕವನ್ನೂ ನಂಬುವುದು ಸಾಧ್ಯವಿಲ್ಲವೆಂಬುದು ಅವರ ಅಭಿಪ್ರಾಯವಾಗಿತ್ತು. ಆ ಮಾತಿಗೆ ಎಷ್ಟೋ ವರ್ಷಗಳಾದವು. ಅಂಗೈಯಲ್ಲಿ ಮೊಬೈಲ್ ಹಿಡಿದ ಕೋಟ್ಯಂತರ ಕ್ರೈಸ್ತರು ಇಂದಿಗೂ ಎರಡನ್ನೂ ಒಟ್ಟಿಗೇ ಇಟ್ಟುಕೊಂಡಿದ್ದಾರೆ. ಅದರಿಂದಲೇ ದೆವ್ವಗಳಿವೆಯೆಂದು ಸಿದ್ಧವಾಗುವುದಿಲ್ಲ, ಒಪ್ಪುತ್ತೇನೆ. ಕ್ರೈಸ್ತರಲ್ಲೇ ಕೆಲವರು ಇವನ್ನು ಮನುಷ್ಯರ ಕೇಡಿಗೆ ಕೊಟ್ಟ ರೂಪಕವೆನ್ನುತ್ತಾರೆ, ಕೆಲವರು ಸ್ವತಂತ್ರ ಜೀವಿಗಳೆನ್ನುತ್ತಾರೆ. ನಾನು ಎರಡನೆಯ ಗುಂಪಿಗೆ ಸೇರಿದವನು. ಒಳ್ಳೆಯವರೇ ಕೂಡಿ, ಅವರಲ್ಲಿ ಯಾರೂ ಬಯಸದಷ್ಟು ದೊಡ್ಡ ಕ್ರೌರ್ಯ ನಡೆಸುವುದನ್ನು ಕಂಡಾಗ, ಮನುಷ್ಯರ ಲೆಕ್ಕಕ್ಕಷ್ಟೇ ಅದು ಹೊಂದುವುದಿಲ್ಲವೆಂದು ನನಗನ್ನಿಸುತ್ತದೆ.

ಆದರೆ ಒಂದನ್ನು ಗಮನಿಸಿರಿ. ನೈಸೀನ್ ವಿಶ್ವಾಸ ಪ್ರಮಾಣದಲ್ಲಿ ಸೈತಾನನ ಹೆಸರೇ ಇಲ್ಲ. ಅವನ ಹೆಸರು ಬರುವುದು ದೀಕ್ಷಾಸ್ನಾನದಲ್ಲಿ, ಅಲ್ಲಿ ಅವನಿಗೆ ಸಲ್ಲುವ ಕ್ರಿಯಾಪದ ‘ತ್ಯಜಿಸುತ್ತೇನೆ’ ಎಂಬುದು. ನಂಬುವುದು ದೇವರನ್ನು, ತ್ಯಜಿಸುವುದು ಸೈತಾನನನ್ನು. ದೆವ್ವದ ವಿಚಾರದಲ್ಲಿ ಇಷ್ಟು ಸ್ಪಷ್ಟವಿದ್ದರೆ, ಉಳಿದ ಅನುಮಾನಗಳನ್ನು ಇಟ್ಟುಕೊಂಡೇ ನೀವು ಸಭೆಯಲ್ಲಿ ಕುಳಿತುಕೊಳ್ಳಬಹುದು.

ಪ್ರಶ್ನೆ: ನಡುರಾತ್ರಿ ಎಚ್ಚರವಾಗುತ್ತದೆ, ಕೈಕಾಲು ಆಡುವುದಿಲ್ಲ, ಎದೆಯ ಮೇಲೆ ಯಾರೋ ಕುಳಿತಂತೆ ಭಾರ, ಬಾಗಿಲ ಬಳಿ ಕಪ್ಪು ಆಕೃತಿ. ಯೇಸುವಿನ ಹೆಸರು ಹೇಳಲು ಹೋದರೆ ನಾಲಿಗೆ ಹೊರಳುವುದಿಲ್ಲ. ಇದು ಸೈತಾನನ ದಾಳಿಯೇ?

ಉತ್ತರ: ನೀವು ಬರೆದಿರುವ ಒಂದೊಂದು ಲಕ್ಷಣವೂ ನಿದ್ರಾ ಪಾರ್ಶ್ವವಾಯು ಎಂಬ ಸ್ಥಿತಿಗೆ ಹೊಂದುತ್ತದೆ. ಕನಸು ಕಾಣುವ ನಿದ್ರೆಯಲ್ಲಿ ನಾವು ಕನಸಿನಂತೆ ಎದ್ದು ಓಡದಿರಲೆಂದು ದೇಹದ ಸ್ನಾಯುಗಳು ಸಡಿಲಗೊಂಡಿರುತ್ತವೆ. ಕೆಲವೊಮ್ಮೆ ಮನಸ್ಸು ಮೊದಲು ಎಚ್ಚರಗೊಂಡು ಸ್ನಾಯುಗಳು ಹಿಂದುಳಿಯುತ್ತವೆ, ಕನಸಿನ ಚೂರುಗಳು ತೆರೆದ ಕಣ್ಣಿನೆದುರೇ ಉಳಿದಿರುತ್ತವೆ. ಕೆಲವು ಕ್ಷಣಗಳಲ್ಲಿ, ಹೆಚ್ಚೆಂದರೆ ಕೆಲವೇ ನಿಮಿಷಗಳಲ್ಲಿ ಅದು ತಾನಾಗಿ ಬಿಡುತ್ತದೆ. ನಿದ್ರೆಗೆಟ್ಟವರಲ್ಲಿ, ಅಂಗಾತ ಮಲಗುವವರಲ್ಲಿ ಇದು ಹೆಚ್ಚು. ನಾಲಿಗೆ ಹೊರಳದಿದ್ದದ್ದು ಸ್ನಾಯುಗಳ ಕಾರಣದಿಂದ. ಮನಸ್ಸಿನಲ್ಲೇ ಕರೆದರೂ ಯೇಸು ಕೇಳಿಸಿಕೊಳ್ಳುವನೆಂಬುದರಲ್ಲಿ ನಿಮಗೆ ಸಂಶಯ ಬೇಡ. ಮಲಗುವ ಹೊತ್ತನ್ನು ಕ್ರಮಪಡಿಸಿಕೊಂಡು ಮಗ್ಗುಲಾಗಿ ಮಲಗಿರಿ. ಪದೇ ಪದೇ ಬಂದರೆ ವೈದ್ಯರಿಗೆ ಹೇಳಿರಿ.

ಪ್ರಶ್ನೆ: ಪ್ರಾರ್ಥಿಸುವಾಗಲೇ ದೇವರನ್ನು ಬೈಯುವ ಹೊಲಸು ಮಾತುಗಳು ತಲೆಯಲ್ಲಿ ಬರುತ್ತವೆ. ತಡೆದಷ್ಟೂ ಹೆಚ್ಚಾಗುತ್ತವೆ. ನನ್ನನ್ನು ದುರಾತ್ಮ ಹಿಡಿದಿದೆಯೇ? ನನಗೆ ಕ್ಷಮೆಯಿಲ್ಲವೇ?

ಉತ್ತರ: ಈ ಪತ್ರವನ್ನು ನೀವು ಎಷ್ಟು ಸಂಕಟದಿಂದ ಬರೆದಿರಬಹುದೆಂದು ನನಗೆ ಗೊತ್ತು, ಏಕೆಂದರೆ ಇದೇ ಪ್ರಶ್ನೆಯನ್ನು ದನಿ ತಗ್ಗಿಸಿ, ಬಾಗಿಲು ಮುಚ್ಚಿಕೊಂಡು ಕೇಳಿದವರನ್ನು ನಾನು ಹಲವು ಸಲ ಕಂಡಿದ್ದೇನೆ. 17ನೆಯ ಶತಮಾನದ ಇಂಗ್ಲೆಂಡಿನ ಬೋಧಕ ಜಾನ್ ಬನ್ಯನ್ ತನ್ನ ಬಾಳಿನ ಕಥೆಯಲ್ಲಿ ಇದನ್ನೇ ಹೇಳಿಕೊಂಡಿದ್ದಾನೆ: ಊಟಕ್ಕೆ ಕುಳಿತರೂ, ಬಿದ್ದ ಗುಂಡುಸೂಜಿ ಹೆಕ್ಕಲು ಬಗ್ಗಿದರೂ, ಇದಕ್ಕಾಗಿ ಕ್ರಿಸ್ತನನ್ನು ಮಾರಿಬಿಡು ಎಂಬ ಮಾತು ಅವನ ತಲೆಯಲ್ಲಿ ಮೊಳಗುತ್ತಿತ್ತು. ತಾನು ಕ್ಷಮೆಗೆ ಹೊರತಾದವನೆಂದು ಅವನು ಬಹುಕಾಲ ನಂಬಿದ್ದ. ಅಂಥವನೇ ಆಮೇಲೆ ಲೆಕ್ಕವಿಲ್ಲದಷ್ಟು ಜನರಿಗೆ ಧೈರ್ಯ ಹೇಳುವವನಾದ. 4ನೆಯ ಶತಮಾನದಲ್ಲಿ ಈಜಿಪ್ಟಿನ ಮರುಭೂಮಿಯಲ್ಲಿದ್ದ ಸನ್ಯಾಸಿ ಇವಾಗ್ರಿಯಸ್‌ ಕೂಡ, ಇಂಥ ಯೋಚನೆಗಳು ಬಂದು ಕಾಡದಂತೆ ತಡೆಯುವುದು ನಮ್ಮ ಕೈಯಲ್ಲಿಲ್ಲ, ಅವನ್ನು ಒಳಗಿರಿಸಿಕೊಳ್ಳುವುದು ಬಿಡುವುದು ಮಾತ್ರ ನಮ್ಮದು ಎಂದ.

ನೀವು ಆ ಮಾತುಗಳಿಂದ ನರಳುತ್ತಿದ್ದೀರಿ. ಅವು ನಿಮ್ಮ ಇಚ್ಛೆಯಲ್ಲವೆಂಬುದಕ್ಕೆ ಆ ನರಳಾಟವೇ ಗುರುತು. ತಡೆದಷ್ಟೂ ಹೆಚ್ಚುವ ಇಂಥ ಯೋಚನೆಗಳು ಗೀಳು ಕಾಯಿಲೆಯಲ್ಲಿ ಸಾಮಾನ್ಯ, ಅದಕ್ಕೆ ಒಳ್ಳೆಯ ಚಿಕಿತ್ಸೆಯಿದೆ, ಮನೋವೈದ್ಯರನ್ನು ಕಾಣಲು ನಾಚಬೇಡಿರಿ. ದುರಾತ್ಮ ಬಿಡಿಸುತ್ತೇವೆಂದು ಕರೆಯುವವರ ಬಳಿಗೆ ಮಾತ್ರ ಈ ಸಂಕಟವನ್ನು ಕೊಂಡೊಯ್ಯಬೇಡಿರಿ. ಪ್ರತಿ ಯೋಚನೆಗೂ ಒಂದು ದೆವ್ವದ ಹೆಸರಿಟ್ಟು ಓಡಿಸಹೊರಟರೆ ಗೀಳು ಇನ್ನಷ್ಟು ಬಲಿಯುತ್ತದೆ. ಕೆಟ್ಟ ಮಾತು ಬಂದಾಗ ಪ್ರಾರ್ಥನೆಯನ್ನು ಮೊದಲಿನಿಂದ ಮತ್ತೆ ಆರಂಭಿಸದೆ, ಬೀದಿಯ ಗದ್ದಲ ಕೇಳಿಸಿದಾಗ ಮುಂದುವರಿಸುವಂತೆ ಮುಂದಿನ ವಾಕ್ಯಕ್ಕೆ ಹೋಗಿಬಿಡಿರಿ.

ಪ್ರಶ್ನೆ: ನಾವು ಕೆಲವರು ಪ್ರತಿ ಶುಕ್ರವಾರ ಸೇರಿ ಆತ್ಮಿಕ ಯುದ್ಧದ ಪ್ರಾರ್ಥನೆ ಮಾಡುತ್ತೇವೆ. ನಮ್ಮ ಕಚೇರಿಯನ್ನು ಆಳುತ್ತಿರುವ ದುರಾತ್ಮವನ್ನು ಹೆಸರು ಹಿಡಿದು ಕಟ್ಟುತ್ತೇವೆ. ನಮ್ಮ ಮೇಲಧಿಕಾರಿಯಲ್ಲಿ ಅದು ಕೆಲಸ ಮಾಡುತ್ತಿದೆಯೆಂದು ಒಬ್ಬರಿಗೆ ದರ್ಶನವಾಗಿದೆ. ಇದು ಸರಿಯೇ?

ಉತ್ತರ: ನಗರಗಳಿಗೂ ಸಂಸ್ಥೆಗಳಿಗೂ ಒಂದೊಂದು ದುರಾತ್ಮದ ಒಡೆತನವಿದೆ, ಅದನ್ನು ಗುರುತಿಸಿ ಕಟ್ಟಬೇಕು ಎಂಬ ಕ್ರಮ ಅಮೆರಿಕದ ಪೀಟರ್ ವ್ಯಾಗ್ನರ್ ಮೊದಲಾದವರ ಬೋಧನೆಯಿಂದ 1990ರ ದಶಕದಲ್ಲಿ ಎಲ್ಲೆಡೆ ಹಬ್ಬಿತು. ದಾನಿಯೇಲನ ಗ್ರಂಥದ 10ನೆಯ ಅಧ್ಯಾಯದಲ್ಲಿ ದೇವದೂತನನ್ನು ಎದುರಿಸಿ ನಿಂತ ಪರ್ಷಿಯದ ಪ್ರಭುವಿನ ಮಾತು ಬರುತ್ತದೆಂಬುದು ಅವರ ಆಧಾರ. ಆದರೆ ಅಲ್ಲಿ ದಾನಿಯೇಲನು ಆ ಪ್ರಭುವನ್ನು ಹೆಸರು ಹಿಡಿದು ಕಟ್ಟಲಿಲ್ಲ. ಉಪವಾಸವಿದ್ದು ತನ್ನ ದೇವರನ್ನು ಬೇಡಿದನು, ಹೋರಾಟ ಅವನ ಕಣ್ಣಿಗೆ ಕಾಣದಲ್ಲಿ ನಡೆಯಿತು. ಅಪೊಸ್ತಲರೂ ಯಾವ ಪಟ್ಟಣದಲ್ಲೂ ಹಾಗೆ ಮಾಡಿದ ದಾಖಲೆಯಿಲ್ಲ. ಎಫೆಸದಲ್ಲಿ ಸ್ಕೇವನೆಂಬ ಯೆಹೂದ್ಯ ಯಾಜಕನ ಏಳು ಮಂದಿ ಮಕ್ಕಳು ದುರಾತ್ಮ ಬಿಡಿಸಲು ಯೇಸುವಿನ ಹೆಸರನ್ನು ಮಂತ್ರದಂತೆ ಬಳಸಹೋದಾಗ, ಯೇಸುವನ್ನು ಬಲ್ಲೆ, ಪೌಲನನ್ನು ಬಲ್ಲೆ, ನೀವು ಯಾರು ಎಂದು ದುರಾತ್ಮವೇ ಕೇಳಿತು.

ಅದೇ ಎಫೆಸದವರಿಗೆ ಬರೆದ ಪತ್ರದ 6ನೆಯ ಅಧ್ಯಾಯವನ್ನು ನಿಮ್ಮ ಶುಕ್ರವಾರದ ಕೂಟದಲ್ಲಿ ಒಮ್ಮೆ ನಿಧಾನವಾಗಿ ಓದಿರಿ. ಸತ್ಯದ ನಡುಕಟ್ಟು, ನೀತಿಯ ವಜ್ರಕವಚ, ಸಮಾಧಾನದ ಕೆರ, ನಂಬಿಕೆಯ ಗುರಾಣಿ, ರಕ್ಷಣೆಯ ಶಿರಸ್ತ್ರಾಣ: ಕತ್ತಿಯೊಂದನ್ನು ಬಿಟ್ಟರೆ ಎಲ್ಲವೂ ತೊಡುವವನನ್ನು ಕಾಯುವಂಥವು, ಆ ಕತ್ತಿಯೂ ದೇವರ ವಾಕ್ಯವೇ. ಮತ್ತೆ ಮತ್ತೆ ಬರುವ ಅಪ್ಪಣೆ ‘ನಿಲ್ಲಿರಿ’ ಎಂಬುದು. ಈ ಆಯುಧಗಳನ್ನು ಒಂದೊಂದಾಗಿ ಹೆಸರಿಸುವ ಮುಂಚೆಯೇ ಪೌಲನು, ನಮ್ಮ ಹೋರಾಟ ರಕ್ತಮಾಂಸದವರ ಮೇಲೆ ಅಲ್ಲವೆಂದು ಬೇಲಿ ಹಾಕಿದ್ದಾನೆ. ನಿಮ್ಮ ಮೇಲಧಿಕಾರಿ ರಕ್ತಮಾಂಸದ ಮನುಷ್ಯರು. ಅವರಿಂದ ಅನ್ಯಾಯವಾಗಿದ್ದರೆ ಅದನ್ನು ಸತ್ಯವಾಗಿ ಬರೆದು, ಕೇಳಬೇಕಾದವರ ಮುಂದಿಡಿರಿ; ಸತ್ಯದ ನಡುಕಟ್ಟು ಅಂಥ ಹೊತ್ತಿಗಾಗಿಯೇ ಇದೆ. ದರ್ಶನದ ಮಾತನ್ನು ಕೂಟದಿಂದ ಹೊರಗೆ ಒಯ್ಯಬೇಡಿರಿ, ಸಾಧ್ಯವಾದರೆ ಕೂಟದೊಳಗೂ ನಿಲ್ಲಿಸಿರಿ, ಏಕೆಂದರೆ ಒಬ್ಬರ ಮೇಲೆ ಬಿದ್ದ ಅಂಥ ಮಾತನ್ನು ತೊಳೆಯಲು ಅವರಿಗೆ ದಾರಿಯೇ ಇರುವುದಿಲ್ಲ. ಬರುವ ಶುಕ್ರವಾರ ದುರಾತ್ಮದ ಹೆಸರನ್ನು ಹುಡುಕುವ ಬದಲು ಆ ಅಧಿಕಾರಿಯ ಹೆಸರನ್ನೇ ಹೇಳಿ, ಅವರ ಆರೋಗ್ಯಕ್ಕಾಗಿ, ಅವರ ಮನೆಯವರಿಗಾಗಿ ಬೇಡಿಕೊಳ್ಳಿರಿ. ಸೋಮವಾರ ಕಚೇರಿಯಲ್ಲಿ ಅವರ ಮುಖ ನೋಡುವಾಗ ನಿಮಗೇನನ್ನಿಸಿತೆಂಬುದನ್ನು ನನಗೆ ಬರೆಯಿರಿ.