ರೈಸಿನಾ ಗುಡ್ಡದ ಮನೆ: ಗಡಿನಾಡಿನಿಂದ ನಾಲ್ಕು ಪ್ರಶ್ನೆ

ರಾಷ್ಟ್ರಪತಿ ಭವನದ ಕೆಂಪು ಕಲ್ಲು ನಮ್ಮ ಮುರಕಲ್ಲೇ? ಅಲ್ಲಿನ ಕಂಬಗಳಿಗೆ ಮೂಡುಬಿದಿರೆಯ ನಂಟಿದೆ ಎನ್ನುವುದು ನಿಜವೇ?
– ಕುಂಬಳೆಯ ಓದುಗರು

ಕಲ್ಲು ಬೇರೆ, ನಂಟು ಉಂಟು. ಮುರಕಲ್ಲು ಮಳೆಯಿಂದ ಹುಟ್ಟಿದ್ದು. ಬಂಡೆಯ ಉಳಿದ ಅಂಶಗಳನ್ನು ನೀರು ಕೊಚ್ಚಿಕೊಂಡು ಹೋಗಿ ಕಬ್ಬಿಣ ಉಳಿಯುತ್ತದೆ, ಮೈಯೆಲ್ಲ ತೂತು. ಪಣೆಯಲ್ಲಿ ಕೊಯ್ಯುವಾಗ ಮೆದು, ಗಾಳಿಗೆ ಗಟ್ಟಿ. ಬೇಕಲದ ಕೋಟೆಗೆ ಅದು ಸರಿ, ಆದರೆ ತೆಳುವಾದ ಹಾಸಾಗಿ ಸೀಳಲಿಕ್ಕೂ ಜಾಲರಿ ಕೆತ್ತಲಿಕ್ಕೂ ಆಗದು. ಭವನದ್ದು ಧೋಲ್ಪುರ, ಭರತಪುರದ ಕಡೆಯ ಮರಳುಗಲ್ಲು. ಸಣ್ಣ ಕಣ, ಪದರ ಪದರ. ಗೋಡೆಯ ಸುತ್ತ ಚಾಚಿಕೊಂಡು ನೆರಳು ಚೆಲ್ಲುವ ಆ ತೆಳು ಛಜ್ಜಾ ಸಾಧ್ಯವಾದದ್ದು ಇದರಿಂದ. ಹಾಗೆಂದು ಇಡೀ ಕಟ್ಟಡವೇ ಕಲ್ಲಿನದಲ್ಲ. ಕಲ್ಲು 30 ಲಕ್ಷ ಘನ ಅಡಿಯಾದರೆ ಇಟ್ಟಿಗೆ 70 ಕೋಟಿ.

ಇನ್ನು ಮೂಡುಬಿದಿರೆ. ಕಂಬದ ತಲೆಯ ಮೂಲೆಗಳಲ್ಲಿ ಕಲ್ಲಿನ ಗಂಟೆಗಳು ತೂಗುತ್ತವೆ. ಅದಕ್ಕೆ ಮೂಡುಬಿದಿರೆಯ ಬಸದಿ ಸ್ಫೂರ್ತಿ ಎಂದು ಭವನದ ಅಧಿಕೃತ ವಿವರಣೆಯೇ ಹೇಳುತ್ತದೆ. ಗಂಟೆ ಬಾರಿಸಿದರೆ ರಾಜವಂಶ ಮುಗಿಯಿತೆಂಬ ನಂಬಿಕೆ ಇತ್ತಂತೆ. ಕಲ್ಲಿನ ಗಂಟೆ ಬಾರಿಸುವುದೇ ಇಲ್ಲವಲ್ಲ! ಆದರೂ 1929ರಲ್ಲಿ ಮುಗಿದ ಮನೆಯನ್ನು ಬ್ರಿಟಿಷರು 1947ಕ್ಕೆ ಬಿಡಬೇಕಾಯಿತು. ಕಟ್ಟಲು ಹಿಡಿದದ್ದು 17 ವರ್ಷ, ವೈಸರಾಯರು ವಾಸವಿದ್ದದ್ದೂ ಹೆಚ್ಚುಕಡಿಮೆ ಅಷ್ಟೇ.

ಮಗಳು ವಿಜಯ ಚೌಕದಿಂದ ತೆಗೆದ ಫೋಟೋದಲ್ಲಿ ಭವನದ ಗುಮ್ಮಟದ ತಲೆ ಮಾತ್ರ ಕಾಣುತ್ತದೆ. ಕ್ಯಾಮೆರಾ ದೋಷವೇ?
– ಬದಿಯಡ್ಕದ ಓದುಗರು

ಕ್ಯಾಮೆರಾದ್ದಲ್ಲ, ಇಳಿಜಾರಿನ ದೋಷ. ವಿಜಯ ಚೌಕ ಇರುವುದು ರೈಸಿನಾ ಗುಡ್ಡದ ಬುಡದಲ್ಲಿ, ಭವನ ಮೇಲೆ. ಗುಡ್ಡದ ಬುಡದಲ್ಲಿ ನಿಂತರೆ ಮೇಲಿನ ಮನೆಯ ಮಾಡು ಮಾತ್ರ ಕಾಣುವುದಿಲ್ಲವೇ, ಹಾಗೆ. ಭವನದ ವಿನ್ಯಾಸ ಎಡ್ವಿನ್ ಲುಟ್ಯನ್ಸ್ ಅವರದು. ಮುಂದಿನ ಎರಡು ಸಚಿವಾಲಯ ಕಟ್ಟಡಗಳು ಹರ್ಬರ್ಟ್ ಬೇಕರ್ ಅವರವು. ಸಚಿವಾಲಯಗಳೂ ಗುಡ್ಡದ ಮೇಲೆ ಅದೇ ಮಟ್ಟದಲ್ಲಿರಲಿ ಎಂದು ಬೇಕರ್ ಹಟ ಹಿಡಿದರು. ಅವಕ್ಕೆ ಜಾಗ ಮಾಡಲು ಭವನ ಹಿಂದಕ್ಕೆ ಸರಿಯಿತು. ನಡುವಿನ ರಸ್ತೆ 22.5 ಅಡಿಗೆ 1 ಅಡಿ ಏರುತ್ತದೆ. ಕೆಳಗೆ ನಿಂತವರ ದೃಷ್ಟಿಯನ್ನು ಆ ಏರಿನ ಅಂಚೇ ಕತ್ತರಿಸುತ್ತದೆ.

ತಮಾಷೆಯೆಂದರೆ 1913ರಲ್ಲಿ ಈ ನಕ್ಷೆಗೆ ಒಪ್ಪಿದವರಲ್ಲಿ ಲುಟ್ಯನ್ಸ್ ಅವರೂ ಇದ್ದರು. ಪರಿಣಾಮ ಅರಿವಾಗುವ ಹೊತ್ತಿಗೆ ಕಾಲ ಮಿಂಚಿತ್ತು. ರಸ್ತೆ ತಗ್ಗಿಸಿ ಎಂದು ವರ್ಷಗಟ್ಟಲೆ ಗೋಗರೆದರೂ ಯಾರೂ ಕೇಳಲಿಲ್ಲ. ನೆಪೋಲಿಯನ್‌ಗೆ ವಾಟರ್‌ಲೂ, ನನಗೆ 'ಬೇಕರ್‌ಲೂ' ಎಂದು ಗೊಣಗಿಕೊಂಡರು. ಮಗಳಿಗೆ ಹೇಳಿ: ಫೋಟೋ ಬೇಕಿದ್ದರೆ ಇಂಡಿಯಾ ಗೇಟ್ ಕಡೆಗೆ ಹಿಂದೆ ಸರಿದು ಜೂಮ್ ಮಾಡಲಿ, ಇಲ್ಲವೇ ಏರು ಹತ್ತಿ ಮುಗಿದ ಮೇಲೆ ತೆಗೆಯಲಿ. ನಡುವೆ ಎಲ್ಲಿ ನಿಂತರೂ ಪ್ರಯೋಜನವಿಲ್ಲ.

ರಾಷ್ಟ್ರಪತಿ ಭವನದಲ್ಲಿ ಮೊದಲು ವಾಸವಿದ್ದ ಭಾರತೀಯ ಮುಖ್ಯಸ್ಥರು ಯಾರು? ಶಾಲೆಯ ರಸಪ್ರಶ್ನೆಯಲ್ಲಿ ರಾಜೇಂದ್ರ ಪ್ರಸಾದ್ ಎಂದದ್ದಕ್ಕೆ ಅಂಕ ಕೊಟ್ಟರು.
– ಹೊಸೂರಿನ ಓದುಗರು

ನಿಮ್ಮೂರಲ್ಲೇ ಈ ತಪ್ಪು ಆಗಬಾರದಿತ್ತು! ಹೊಸೂರಿನ ಪಕ್ಕದ ತೊರಪಳ್ಳಿಯಲ್ಲಿ ಹುಟ್ಟಿದ ಸಿ. ರಾಜಗೋಪಾಲಾಚಾರಿ (ರಾಜಾಜಿ) ಅವರೇ ಮೊದಲಿಗರು. 1948ರ ಜೂನ್ 21ರಿಂದ 1950ರ ಜನವರಿ 26ರವರೆಗೆ ಗವರ್ನರ್ ಜನರಲ್ ಆಗಿ ಅಲ್ಲಿದ್ದರು. ಆಗ ಅದರ ಹೆಸರು 'ಗವರ್ನಮೆಂಟ್ ಹೌಸ್', ಅದಕ್ಕೂ ಮೊದಲು 'ವೈಸರಾಯ್ಸ್ ಹೌಸ್'. 'ರಾಷ್ಟ್ರಪತಿ ಭವನ' ಆದದ್ದು ಗಣರಾಜ್ಯವಾದ ಮೇಲೆ. ಪ್ರಸಾದ್ ಅವರು ಮೊದಲ ರಾಷ್ಟ್ರಪತಿ. ಪ್ರಶ್ನೆ ಬರೆಯುವಾಗ ಈ ಎರಡು ಬೆರೆಸಿದರೆ ಎಡವಟ್ಟು.

ವೈಸರಾಯರ ಕೋಣೆಗಳು ರಾಜಾಜಿಗೆ ತೀರಾ ಆಡಂಬರದವು ಅನ್ನಿಸಿ, ಚಿಕ್ಕ ಭಾಗವೊಂದಕ್ಕೆ ಹೋದರು. ಆ ಭಾಗವೇ ಇಂದಿಗೂ ರಾಷ್ಟ್ರಪತಿ ಕುಟುಂಬದ ವಾಸಕ್ಕೆ. ವೈಸರಾಯರ ಕೋಣೆಗಳು ವಿದೇಶಿ ಅತಿಥಿಗಳಿಗೆ. 340 ಕೋಣೆಗಳ ಮನೆಯಲ್ಲಿ ಯಜಮಾನರಿಗೆ ಇಷ್ಟೇ. ಧಾನ್ಯದ ಅಭಾವವಿದ್ದ ಆ ದಿನಗಳಲ್ಲಿ ಆವರಣದ ಒಂದಷ್ಟು ನೆಲವನ್ನು ಉತ್ತು ಗೋಧಿ ಬೆಳೆಸಿದರು.

ಕಾಸರಗೋಡಿನಿಂದ ಹೋಗಿ ಒಳಗೆ ನೋಡುವುದು ಹೇಗೆ?
– ಪೆರ್ಲದ ಓದುಗರು

ಭವನದ ಜಾಲತಾಣದಲ್ಲಿ ಮುಂಚಿತವಾಗಿ ಬುಕ್ ಮಾಡಬೇಕು. ಮುಖ್ಯ ಕಟ್ಟಡ, ವಸ್ತುಸಂಗ್ರಹಾಲಯ ಎರಡಕ್ಕೂ ಬೇರೆ ಬೇರೆ ಬುಕಿಂಗ್. ಒಂದನ್ನು ಮಾಡಿ ಇನ್ನೊಂದು ನೋಡಲಾಗದು. ಸೋಮವಾರ ರಜೆ. ಬುಕಿಂಗ್‌ನಲ್ಲಿ ಕೊಟ್ಟ ಗುರುತಿನ ಚೀಟಿಯ ಮೂಲಪ್ರತಿಯೇ ಕೈಯಲ್ಲಿರಲಿ. ಹೆಚ್ಚಿನವರು ಎಡವುವುದು ಗೇಟಿನಲ್ಲಿ. ಆವರಣ 330 ಎಕರೆ. ತಪ್ಪು ಗೇಟಿಗೆ ಹೋಗಿ ಸುತ್ತಿ ಬರುವಷ್ಟರಲ್ಲಿ ನಿಮ್ಮ ಸಮಯ ದಾಟಿರುತ್ತದೆ. ಚೀಟಿಯಲ್ಲಿರುವ ಗೇಟ್ ನಂಬರನ್ನೇ ಆಟೋದವನಿಗೆ ಹೇಳಿ. ಮೊಘಲ್ ಗಾರ್ಡನ್ (2023ರಿಂದ ಅಮೃತ್ ಉದ್ಯಾನ) ನೋಡಬೇಕಿದ್ದರೆ ಫೆಬ್ರವರಿ-ಮಾರ್ಚ್ ಸುಮಾರಿಗೆ ಹೋಗಿ, ಹೂವು ಆಗಲೇ.

ಮಂಗಳಾ ಎಕ್ಸ್‌ಪ್ರೆಸ್ ಕಾಸರಗೋಡಿನಲ್ಲಿ ನಿಲ್ಲುತ್ತದೆ. ಎರಡು ರಾತ್ರಿ ಕಳೆದು ನಿಜಾಮುದ್ದೀನ್ ತಲುಪುತ್ತೀರಿ. ಇಳಿದ ದಿನಕ್ಕೆ ಮಾತ್ರ ಬುಕ್ ಮಾಡಬೇಡಿ, ರೈಲು ತಡವಾದರೆ ಹೋಯಿತು.